ಕಡಲ ವರ್ಣನೆಯೂ ಕಡಲ ಪರಿಚಯವೂ: ‘ಅಲೆಮಾರಿಯ ಅಂಡಮಾನ್’ ಕುರಿತು

ಮಹಾಕಾವ್ಯದ ಲಕ್ಷಣವನ್ನು ಹೇಳುವಾಗ ಆಲಂಕಾರಿಕರು ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರಕ್ಕೂ ಸ್ಥಾನ ಕೊಟ್ಟಿದ್ದಾರೆ. ನಗರ, ಪರ್ವತ, ಋತು, ಚಂದ್ರೋದಯಗಳೊಡನೆ ಕಡಲನ್ನೂ ಕವಿಯು ವರ್ಣಿಸತಕ್ಕದ್ದು. ಆದರೆ ಅವನು ಕಡಲನ್ನು ಕಂಡಿರಬೇಕೆಂದು ಯಾವ ಲಾಕ್ಷಣಿಕನೂ ವಿಧಿಸಲಿಲ್ಲ. ಕನ್ನಡದ ಹಿರಿಯ ಕವಿಗಳು ಬಹುಮಟ್ಟಿಗೆ ಒಳನಾಡಿನವರು. ಪಂಪನ ಆದಿಪುರಾಣದಲ್ಲಿ ಭರತನ ದಿಗ್ವಿಜಯವು ಲವಣಸಮುದ್ರದವರೆಗೆ ನಡೆಯುತ್ತದೆ. ಅಲ್ಲಿ ಕಡಲೆಂಬುದು ಚಕ್ರವರ್ತಿಯ ಪ್ರತಾಪವನ್ನು ಅಳೆಯುವ ಎಲ್ಲೆ. ಮುಂದೆ ಶರಣರಲ್ಲಿಯೂ ದಾಸರಲ್ಲಿಯೂ ಅದು ಭವಸಾಗರವಾಯಿತು. ದಾಟುವವನ ಕಣ್ಣು ಆಚೆಯ ದಡದ ಮೇಲಿರುತ್ತದೆಯೇ ಹೊರತು ನೀರಿನ ಮೇಲಲ್ಲ. ಹೀಗಾಗಿ ನಮ್ಮ ಸಾಹಿತ್ಯದಲ್ಲಿ ಕಡಲಿನ ಹೆಸರು ಸಾವಿರ ಸಲ ಬಂದರೂ ಕಡಲಿನ ಪರಿಚಯ ಬಹಳ ಕಡಿಮೆ.

ಈ ಪ್ರಶ್ನೆಯನ್ನು ಅಥಣಿ ತಾಲ್ಲೂಕಿನ ತೆಲಸಂಗದಂಥ ಊರಿನ ವಿದ್ಯಾರ್ಥಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಬಿಳಿಜೋಳದ ಆ ಬಯಲುಸೀಮೆಗೆ ಕಡಲು ಬರುವುದು ಉಪ್ಪಿನ ರೂಪದಲ್ಲಿ, ಇಲ್ಲವೆ ಪುಸ್ತಕದ ರೂಪದಲ್ಲಿ. ತಾಲ್ಲೂಕಿನ ದಕ್ಷಿಣಕ್ಕೆ ಹರಿಯುವ ಕೃಷ್ಣೆಯ ನಡೆಯೂ ವಿಚಿತ್ರವಾದುದು: ಪಡುಗಡಲಿನಿಂದ ಸುಮಾರು 64 ಕಿಲೋಮೀಟರು ದೂರದ ಮಹಾಬಳೇಶ್ವರದಲ್ಲಿ ಹುಟ್ಟಿ, ಆ ಕಡಲಿಗೆ ಬೆನ್ನು ತಿರುಗಿಸಿ, ಇಡೀ ದಖ್ಖನ್ನನ್ನು ಹಾಯ್ದು ಬಂಗಾಳ ಉಪಸಾಗರವನ್ನು ಸೇರುತ್ತದೆ. ಅಂಡಮಾನ್ ದ್ವೀಪಗಳಿರುವುದು ಆ ಉಪಸಾಗರದ ಮೂಡಲ ಅಂಚಿನಲ್ಲಿ. ಕಡಲನ್ನು ಕಾಣದ ಈ ವಾಚಕನಿಗೆ ಕನ್ನಡದ ಯಾವ ಬರಹವು ಅದನ್ನು ನಿಜವಾಗಿ ತಂದುಕೊಡುತ್ತದೆ?

ಮೊದಲು ನೆನಪಾಗುವವರು ವಿ. ಕೃ. ಗೋಕಾಕರು. 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ 1938ರಲ್ಲಿ ಮರಳಿ, ತೆಲಸಂಗಕ್ಕೆ ದೂರವಲ್ಲದ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾದವರು ಅವರು. ಅವರ ‘ಸಮುದ್ರ ಗೀತೆಗಳು’ 1940ರಲ್ಲಿ ಬಂದಿತು. ಸವಣೂರಿನಲ್ಲಿ ಹುಟ್ಟಿದ ಕವಿಗೆ ಕಡಲು ಹೊಸ ಲಯವನ್ನು ಕೊಟ್ಟಿತು. ಕನ್ನಡದ ಮುಕ್ತಛಂದದ ಚರಿತ್ರೆಯಲ್ಲಿ ಆ ಸಂಗ್ರಹಕ್ಕೆ ಸಲ್ಲುವ ಗೌರವ ನ್ಯಾಯವಾದುದೇ. ಆದರೆ ಅದು ದೊಡ್ಡ ಹಡಗಿನ ಅಟ್ಟದಿಂದ ಕಂಡ ಕಡಲು. ನಡುಗಡಲಿನಲ್ಲಿ ತಳ ಕಾಣುವುದಿಲ್ಲ. ಕಾಣುವುದು ಮೇಲ್ಮೈ ಮಾತ್ರ. ತಳ ಕಾಣದ ನೀರು ಪ್ರತೀಕವಾಗಲು ಸದಾ ಸಿದ್ಧವಾಗಿರುತ್ತದೆ: ಅನಂತ, ಆತ್ಮ, ಕಾಲ ಯಾವುದನ್ನಾದರೂ ಅದರ ಮೇಲೆ ಆರೋಪಿಸಬಹುದು. ಇದು ಗೋಕಾಕರ ದೋಷವೆಂದು ನಾವು ಹೇಳುತ್ತಿಲ್ಲ. ಅವರು ನಿಂತ ಸ್ಥಳದ ಸ್ವಭಾವವೇ ಅಂಥದು.

ಪೂರ್ಣಚಂದ್ರ ತೇಜಸ್ವಿಯವರ (1938–2007) ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಬಂದದ್ದು ಅರ್ಧ ಶತಮಾನದ ಅನಂತರ, 1990ರಲ್ಲಿ. ಇಲ್ಲಿ ಕಡಲಿಗೆ ಹೋಗುವವರು ವಿದ್ಯಾರ್ಜನೆಗೆ ಹೊರಟವರೂ ಅಲ್ಲ, ಯಾತ್ರಿಕರೂ ಅಲ್ಲ. ಮೀನಿನ ಗಾಳದ ಹುಚ್ಚು ಹಿಡಿದ ಒಬ್ಬ ಲೇಖಕ ಮತ್ತು ಅವನ ಗೆಳೆಯರು. ತೇಜಸ್ವಿಯವರೂ ಒಳನಾಡಿನವರೇ ಎಂಬುದನ್ನು ವಿಮರ್ಶಕರು ಸಾಕಷ್ಟು ಗಮನಿಸಿದಂತಿಲ್ಲ. ಹೇಮಾವತಿ ಹುಟ್ಟುವ ಮೂಡಿಗೆರೆಯ ಸೀಮೆಯಲ್ಲಿ ನೆಲೆಸಿ, ಹೊಳೆಯ ಮೀನನ್ನು ಬಲ್ಲವರು ಕಡಲ ಮೀನನ್ನು ಹುಡುಕಿಕೊಂಡು ಹೊರಟಿದ್ದಾರೆ. ಹೊಳೆಯ ಗಾಳಗಾರನ ತಿಳಿವಳಿಕೆಯೇ ಅವರ ಏಕಮಾತ್ರ ಸಿದ್ಧತೆ. ತೆಲಸಂಗದ ಹುಡುಗನಿಗೂ ಈ ಲೇಖಕನಿಗೂ ನಡುವಿನ ಅಂತರ ಆದುದರಿಂದ ಅಷ್ಟು ದೊಡ್ಡದಲ್ಲ.

ದ್ವೀಪಗಳ ಅಂಚಿನ ಕಡಲು ನಡುಗಡಲಿನಂಥದಲ್ಲ. ದಂಡೆಗಳನ್ನು ಕಟ್ಟುವ ಹವಳಕ್ಕೆ ಬಿಸಿಲು ಬೇಕು. ಅದರ ಒಡಲಿನಲ್ಲಿ ವಾಸಿಸುವ ಸೂಕ್ಷ್ಮ ಪಾಚಿಯು ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೆ ಉಣಿಸುತ್ತದೆ. ಆದುದರಿಂದ ಹವಳದ ದಂಡೆ ಬೆಳೆಯುವುದು ತಿಳಿಯಾದ, ಆಳವಿಲ್ಲದ ನೀರಿನಲ್ಲಿ. ಅಂಥಲ್ಲಿ ಸಣ್ಣ ದೋಣಿಯಿಂದ ಬಗ್ಗಿ ನೋಡಿದವನಿಗೆ ತಳ ಕಾಣುತ್ತದೆ. ತಳ ಕಂಡೊಡನೆ ಪ್ರತೀಕಕ್ಕೆ ಅವಕಾಶ ತಪ್ಪುತ್ತದೆ. ಇದು ಏನು, ಇದರ ಹೆಸರೇನು, ಇದು ಏನನ್ನು ತಿನ್ನುತ್ತದೆ ಎಂಬ ಪ್ರಶ್ನೆಗಳು ಏಳುತ್ತವೆ. ತೇಜಸ್ವಿಯವರ ಗದ್ಯದ ಗುಣವಿರುವುದು ಈ ಪ್ರಶ್ನೆಗಳಲ್ಲಿ. ಅದನ್ನು ‘ವಿಜ್ಞಾನ ಸಾಹಿತ್ಯ’ವೆಂಬ ಪ್ರತ್ಯೇಕ ಕಪಾಟಿನಲ್ಲಿಟ್ಟು ಬೀಗ ಹಾಕುವ ಅಧ್ಯಾಪಕರೊಡನೆ ನಮಗೆ ಸಹಮತವಿಲ್ಲ. ಭವಸಾಗರದ ಭಾಷೆಯಿಂದ ಕಡಲನ್ನು ಬಿಡಿಸಿಕೊಂಡದ್ದು ಮೊದಲಿಗೆ ಒಂದು ಸಾಹಿತ್ಯಕ ಕಾರ್ಯ.

ಗೆಳೆಯರ ಗುಂಪು ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯನ್ನು ಅರಸಿ ಕಾಡಿಗೆ ಹೊಕ್ಕವರನ್ನು ನೆನೆಯಬೇಕು: ವಿಜ್ಞಾನಿ, ಮಂದಣ್ಣ, ಕರಿಯಪ್ಪ, ಪ್ಯಾರ, ನಿರೂಪಕ, ಜೊತೆಗೆ ನಾಯಿ ಕಿವಿ. ಏಕಾಂತ ಪ್ರವಾಸಿಯ ಬೆರಗು ಬೇಗನೆ ಕಾವ್ಯವಾಗಿಬಿಡುತ್ತದೆ. ಪಕ್ಕದಲ್ಲಿ ಕುಳಿತು ಹಾಸ್ಯಮಾಡುವ ಗೆಳೆಯನಿದ್ದರೆ ಅದು ಮಾತಿಗಿಳಿದು ಪರೀಕ್ಷೆಗೆ ಒಳಗಾಗುತ್ತದೆ. ಭಾವಾವೇಶಕ್ಕೆ ತೇಜಸ್ವಿಯವರು ಹುಡುಕಿಕೊಂಡ ಔಷಧವೇ ಈ ಸಹವಾಸವೆಂದು ನಮ್ಮ ಅಭಿಪ್ರಾಯ. ಔಷಧದ ಪ್ರಮಾಣ ಒಮ್ಮೊಮ್ಮೆ ಹೆಚ್ಚಾಗುವುದೂ ಉಂಟು. ಹಾಸ್ಯದ ಭರದಲ್ಲಿ ನೋಟ ಕ್ಷಣಕಾಲವೂ ನಿಲ್ಲದೆ ಮುಂದೆ ಸರಿದುಬಿಡುತ್ತದೆ.

ಒಂದು ಶಬ್ದದ ವಿಚಾರವನ್ನು ಇಲ್ಲಿ ವಿಸ್ತರಿಸಬೇಕಾಗಿದೆ. ಕನ್ನಡ ಕಾವ್ಯದಲ್ಲಿ ಹವಳವೆಂದರೆ ತುಟಿಗೆ ಉಪಮಾನ, ಮನೆಯಲ್ಲಿ ಅದು ಕೊರಳಿನ ಸರ, ಪಟ್ಟಿಯಲ್ಲಿ ನವರತ್ನಗಳಲ್ಲೊಂದು. ಆಭರಣದ ಆ ಕೆಂಪು ಹವಳದ ಪ್ರಸಿದ್ಧ ತವರು ಮೆಡಿಟರೇನಿಯನ್ ಸಮುದ್ರ. ಉಷ್ಣವಲಯದ ದಂಡೆಗಳನ್ನು ಕಟ್ಟುವ ಹವಳ ಬೇರೆಯದು. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ, ಸುಣ್ಣದ ಗೂಡು ಕಟ್ಟುವ ಪ್ರಾಣಿಗಳ ಸಮೂಹ. ಎರಡಕ್ಕೂ ನಮ್ಮಲ್ಲಿ ಒಂದೇ ಹೆಸರು. ತರಗತಿಯಲ್ಲಿ ‘ಹವಳದ ದ್ವೀಪ’ವೆಂದೊಡನೆ ವಿದ್ಯಾರ್ಥಿಯು ಕೆಂಪು ಮಣಿಗಳ ಗುಡ್ಡವನ್ನು ಕಲ್ಪಿಸಿಕೊಂಡರೆ ತಪ್ಪು ಅವನದಲ್ಲ. ಮುರ್ಡೇಶ್ವರದಿಂದ ಕಡಲೊಳಗಿರುವ ನೇತ್ರಾಣಿಯ ಸುತ್ತ ಹವಳಗಳಿದ್ದರೂ ಪಠ್ಯಪುಸ್ತಕದ ಕನ್ನಡಕ್ಕೆ ಅವುಗಳ ಗುರುತಿಲ್ಲ. ಮೊಗವೀರರ, ಖಾರ್ವಿಗಳ ಬಾಯಲ್ಲಿ ತುಳು ಕೊಂಕಣಿಗಳ ಕಡಲಮಾತುಗಳು ಜೀವಂತವಾಗಿವೆ. ಅವು ಘಟ್ಟ ಹತ್ತಿ ಬಂದಿಲ್ಲ.

ಪುಸ್ತಕದ ಮಿತಿಗಳಲ್ಲಿ ಎರಡನ್ನು ಹೇಳಬೇಕು. ಅಂಡಮಾನಿನ ಆದಿವಾಸಿಗಳನ್ನು ಕುರಿತು ಯಾವ ಪ್ರವಾಸಿ ಬರೆದರೂ ಅದು ದೂರದ ನೋಟ. 1990ರ ದಶಕದ ಕೊನೆಯಲ್ಲಿ ಜಾರವಾ ಜನ ಕಾಡಿನಿಂದ ಹೊರಬರತೊಡಗಿದ ಮೇಲೆ ಆ ಭಾಗಗಳನ್ನು ಹೊಸ ತಿಳಿವಳಿಕೆಯೊಡನೆ ಓದಿಸಬೇಕು. ಇನ್ನೊಂದು ರಚನೆಗೆ ಸಂಬಂಧಿಸಿದುದು. ಅಂಡಮಾನ್ ಕಣ್ಣಾರೆ ಕಂಡ ನೀರು. ನೈಲ್ ಪುಸ್ತಕಗಳಲ್ಲಿ ಓದಿ ತಿಳಿದ ನೀರು. ಎರಡನ್ನೂ ಒಂದೇ ರಟ್ಟಿನೊಳಗೆ ಇಟ್ಟುದರಿಂದ ಎರಡನೆಯದು ಮೊದಲನೆಯದರ ಪಕ್ಕದಲ್ಲಿ ಸಪ್ಪೆಯಾಗಿ ಕಾಣುತ್ತದೆ. ಪ್ರತ್ಯೇಕವಾಗಿ ಬಂದಿದ್ದರೆ ನೈಲ್ ಭಾಗಕ್ಕೆ ಇನ್ನಷ್ಟು ನ್ಯಾಯ ದೊರೆಯುತ್ತಿತ್ತು.

ಆದರೆ ಅಂಡಮಾನಿನ ಭಾಗಕ್ಕೆ ಕಾಲವು ಇನ್ನೊಂದು ಮೌಲ್ಯವನ್ನು ಕೂಡಿಸಿದೆ. 1998ರಲ್ಲಿಯೂ 2010ರಲ್ಲಿಯೂ ಕಡಲ ನೀರು ಕಾದು, ಅಲ್ಲಿಯ ಹವಳಗಳು ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಂಡವು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ನೆಲ ಮೇಲೆದ್ದು, ಹಲವು ದಂಡೆಗಳು ನೀರಿನಿಂದ ಹೊರಬಿದ್ದು ಬಿಸಿಲಿಗೆ ಸತ್ತವು. ದಕ್ಷಿಣದಲ್ಲಿ ನೆಲ ಕುಸಿದು ಕಡಲು ಒಳಹೊಕ್ಕಿತು. ಇವೆಲ್ಲಕ್ಕೂ ಮೊದಲಿನ ಆ ನೀರನ್ನು ಕನ್ನಡದ ಕೆಲವು ಗಾಳಗಾರರು ದೋಣಿಯಿಂದ ಬಗ್ಗಿ ನೋಡಿದ್ದರು.