ಬೆಂಗಳೂರಿನ ಬಿಯರ್ ಮನೆಗಳು: ನೊರೆಗೊಂದು ಒರೆಗಲ್ಲು

ಬಿಯರಿನ ಮಾತು ಸಂಘದ ಪತ್ರಿಕೆಯಲ್ಲಿ ಸಲ್ಲುತ್ತದೆಯೇ ಎಂದು ಹುಬ್ಬೇರಿಸುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರ ಸಂಕೋಚವನ್ನು ನಾವು ಗೌರವಿಸುತ್ತೇವೆ. ಆದರೆ ಮಹಾಕಾವ್ಯದಲ್ಲಿ ಬರಬೇಕಾದ ವರ್ಣನೆಗಳನ್ನು ಪಟ್ಟಿಮಾಡಿದ ದಂಡಿ, ಮಧುಪಾನವನ್ನೂ ಅದರಲ್ಲಿ ಸೇರಿಸಿದ್ದಾನೆಂಬುದನ್ನು ಮರೆಯಬಾರದು. ಕನ್ನಡದ ಅತ್ಯಂತ ಪ್ರಸಿದ್ಧ ಕುಡುಕನಾದ ರತ್ನನನ್ನು ಸೃಷ್ಟಿಸಿದ ಜಿ. ಪಿ. ರಾಜರತ್ನಂ ಅವರು ಸ್ವತಃ ಮದ್ಯ ಮುಟ್ಟಿದವರಲ್ಲ. ಕುಡಿಯುವುದು ಬೇರೆ, ಕುಡಿತವನ್ನು ಕುರಿತು ವಿವೇಕದಿಂದ ಮಾತನಾಡುವುದು ಬೇರೆ. ಈ ಲೇಖನ ಎರಡನೆಯದಕ್ಕೆ ಸೇರಿದ್ದು. ಕುಡಿಯದವರನ್ನು ಕುಡಿಯಿರೆಂದು ಕರೆಯುವ ಉದ್ದೇಶ ನಮಗಿಲ್ಲ.

ಮುಂಬಯಿಯ ಕನ್ನಡಿಗರಾದ ನಾವು ಬೆಂಗಳೂರಿಗೆ ಹೋಗುವುದು ಮದುವೆಗೋ, ಮುಂಜಿಗೋ, ಆಸ್ತಿಯ ಕಾಗದಪತ್ರಕ್ಕೋ. ಎರಡು ದಿನದ ಕೆಲಸ ಮುಗಿದು ಒಂದು ಸಂಜೆ ಖಾಲಿ ಉಳಿಯುತ್ತದೆ. ನೆಂಟರ ಮನೆಯ ಹುಡುಗರು, "ಬೆಂಗಳೂರಿಗೆ ಬಂದು ಇಲ್ಲಿಯ ಬಿಯರ್ ಕುಡಿಯದೆ ಹೋಗ್ತೀರಾ ಮಾವ?" ಎನ್ನುತ್ತಾರೆ. ಅವರು ಹೇಳುವುದು ಬಾಟಲಿಯ ಬಿಯರನ್ನಲ್ಲ. ಕುಳಿತ ಕಟ್ಟಡದಲ್ಲಿಯೇ, ಗಾಜಿನ ಗೋಡೆಯ ಆಚೆ ಕಾಣುವ ಉಕ್ಕಿನ ತೊಟ್ಟಿಗಳಲ್ಲಿ ತಯಾರಾದ ಬಿಯರನ್ನು. ಇದಕ್ಕೆ ಕ್ರಾಫ್ಟ್ ಬಿಯರ್ ಎಂದೂ, ಇಂಥ ಮನೆಗೆ ಬ್ರೂಪಬ್ ಎಂದೂ ಹೆಸರು. ಇವು ನಗರದ ತುಂಬ ಇವೆ. ಪರಊರಿನಿಂದ ಬಂದವನು ಒಂದೇ ಸಂಜೆಯಲ್ಲಿ ಒಳ್ಳೆಯದನ್ನು ಹುಡುಕುವುದು ಹೇಗೆ?

ಇದಕ್ಕೆ ಉತ್ತರ ಕೊಡುವ ಪಟ್ಟಿಗಳಿಗೆ ಬರವಿಲ್ಲ. 'ಅತ್ಯುತ್ತಮ ಹತ್ತು', 'ನೋಡಲೇಬೇಕಾದ ಹದಿನೈದು' ಎಂಬ ತಲೆಬರಹದ ಬರಹಗಳು ಸಿಕ್ಕಸಿಕ್ಕಲ್ಲಿ ಕಾಣುತ್ತವೆ. ಹೊರಡುವ ಮುನ್ನ ಅಂಥ ಹಲವನ್ನು ನಾವು ಶ್ರದ್ಧೆಯಿಂದ ಓದಿದೆವು. ಓದಿದ ಮೇಲೆ ನಮಗೆ ಛಾವಣಿಯ ಎತ್ತರ ಗೊತ್ತಾಯಿತು, ದೀಪಗಳ ಬಣ್ಣ ಗೊತ್ತಾಯಿತು, ಯಾವ ಮೂಲೆಯಲ್ಲಿ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆಂಬುದೂ ತಿಳಿಯಿತು. ಬಿಯರ್ ಹೇಗಿದೆ ಎಂಬುದು ಮಾತ್ರ ತಿಳಿಯಲಿಲ್ಲ. ನಾಟಕದ ವಿಮರ್ಶೆ ಬರೆಯ ಹೊರಟವನು ರಂಗಮಂದಿರದ ಕುರ್ಚಿಗಳನ್ನು ಹೊಗಳಿ ಮನೆಗೆ ಹೋದಂತಾಯಿತು ಇದು. ಸಾವಿರಾರು ಜನ ಕೊಟ್ಟ ನಕ್ಷತ್ರಗಳನ್ನು ಕೂಡಿಸಿ ಭಾಗಿಸಿದರೆ ಬರುವುದು ಸರಾಸರಿಯೇ ಹೊರತು ಅಭಿರುಚಿಯಲ್ಲ.

ಪಟ್ಟಿಯನ್ನು ನಂಬಿದ್ದರ ಫಲವನ್ನೂ ಹೇಳಿಬಿಡುತ್ತೇವೆ. ಸಂಘದ ಗೆಳೆಯರಾದ ನಾವು ಮೂವರು, ಎಲ್ಲ ಪಟ್ಟಿಗಳಲ್ಲೂ ಮೇಲಿದ್ದ ಒಂದು ಮನೆಗೆ ಶನಿವಾರ ಸಂಜೆ ಹೋದೆವು. ಹೆಸರು ಬೇಡ. ಮುಕ್ಕಾಲು ಗಂಟೆ ಬಾಗಿಲಲ್ಲಿ ಕಾದೆವು. ಒಳಗೆ ಪಕ್ಕದವನ ಮಾತು ಕೇಳಿಸದಷ್ಟು ಸಂಗೀತ. ಫಲಕದ ಮೇಲೆ ಹದಿನಾಲ್ಕು ಬಿಯರುಗಳ ಹೆಸರಿದ್ದವು. ಇಷ್ಟೊಂದು ಇದ್ದರೆ ಒಳ್ಳೆಯ ಮನೆಯೇ ಇರಬೇಕೆಂದು ನಾವೂ ಭ್ರಮಿಸಿದೆವು. ತರಿಸಿದ ಗೋಧಿ ಬಿಯರಿನಲ್ಲಿ ಬೆಣ್ಣೆ ಕಾಯಿಸಿದ ವಾಸನೆ. ಬಡಿಸುವವರನ್ನು ಕೇಳಿದರೆ, "ನಮ್ಮ ಸ್ಟೈಲೇ ಹಾಗೆ" ಎಂಬ ಉತ್ತರ ಬಂತು. ಅದು ಸ್ಟೈಲಲ್ಲ, ದೋಷ. ಯೀಸ್ಟ್ ಹುದುಗಿಸುವ ಹೊತ್ತಿಗೆ ಈ ಬೆಣ್ಣೆವಾಸನೆ ಹುಟ್ಟುವುದು ಸಹಜ. ಇನ್ನಷ್ಟು ದಿನ ಬಿಟ್ಟರೆ ಅದೇ ಯೀಸ್ಟ್ ಅದನ್ನು ಹೀರಿಕೊಳ್ಳುತ್ತದೆ. ಗಿರಾಕಿಗಳ ಒತ್ತಡಕ್ಕೆ ಮಣಿದು ಅವಧಿಗೆ ಮೊದಲೇ ಬಿಯರ್ ಇಳಿಸಿದರೆ ವಾಸನೆ ಲೋಟದವರೆಗೂ ಬರುತ್ತದೆ. ನಲ್ಲಿಯ ಕೊಳವೆಗಳನ್ನು ತೊಳೆಯದಿದ್ದರೂ ಹೀಗಾಗಬಹುದು. ಎರಡೂ ಅಶ್ರದ್ಧೆಯ ಗುರುತುಗಳು. ಆದರೂ ಸುತ್ತಲಿನ ಜನ ಸಂತೋಷದಿಂದಲೇ ಕುಡಿಯುತ್ತಿದ್ದರು. ಇದು ದೋಷವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ವಿಮರ್ಶೆಯಿಲ್ಲದ ಕಡೆ ಆಗುವುದೇ ಇದು.

ಹಾಗಾದರೆ ಒಳ್ಳೆಯ ಮಾರ್ಗದರ್ಶಿ ಹೇಗಿರಬೇಕು? ಇಂಗ್ಲೆಂಡಿನ ಉದಾಹರಣೆ ನಮ್ಮೆದುರಿಗಿದೆ. ದೊಡ್ಡ ಕಂಪನಿಗಳು ಎಲ್ಲೆಡೆ ಒಂದೇ ಬಗೆಯ ಸಪ್ಪೆ ಬಿಯರನ್ನು ಹರಡುತ್ತಿದ್ದ ಕಾಲದಲ್ಲಿ, 1971ರಲ್ಲಿ, ನಾಲ್ವರು ಗೆಳೆಯರು 'ಕ್ಯಾಮ್ರಾ' ಎಂಬ ಚಳುವಳಿ ಆರಂಭಿಸಿದರು. ಅವರ 'ಗುಡ್ ಬಿಯರ್ ಗೈಡ್' 1974ರಲ್ಲಿ ಪುಸ್ತಕವಾಗಿ ಹೊರಬಂತು. ಅದರಲ್ಲಿ ಒಂದು ದೊಡ್ಡ ಕಂಪನಿಯ ಬಿಯರನ್ನು ಪ್ಲೇಗಿನಂತೆ ದೂರವಿಡಬೇಕೆಂಬ ಅರ್ಥದ ಮಾತಿತ್ತು. ಅಚ್ಚಿನ ಹಂತದಲ್ಲಿ ಗಾಬರಿಯಾಗಿ ಮಾತನ್ನು ಸ್ವಲ್ಪ ಮೆದುಮಾಡಬೇಕಾಯಿತಂತೆ. ಆ ಗೈಡಿನ ನಿಜವಾದ ಬಲವಿದ್ದದ್ದು ಅದರ ಕ್ರಮದಲ್ಲಿ. ಇಂಗ್ಲೆಂಡಿನ ಸಾಂಪ್ರದಾಯಿಕ ಬಿಯರು ಪಬ್ಬಿನ ನೆಲಮಾಳಿಗೆಯ ಪೀಪಾಯಿಯಲ್ಲೂ ಹುದುಗುತ್ತಲೇ ಇರುತ್ತದೆ. ಆದ್ದರಿಂದ ಬಟ್ಟಿಯವನಷ್ಟೇ ಹೊಣೆ ಪಬ್ಬಿನವನಿಗೂ ಇದೆ. ಆಯಾ ಊರಿನ ಸದಸ್ಯರೇ ವರ್ಷವಿಡೀ ಹೋಗಿ, ಕುಡಿದು, ಚರ್ಚಿಸಿ ಪಬ್ಬನ್ನು ಆರಿಸುತ್ತಾರೆ. ಈ ವರ್ಷ ಇದ್ದ ಪಬ್ಬು ಅಶ್ರದ್ಧೆ ತೋರಿದರೆ ಮುಂದಿನ ವರ್ಷ ಹೊರಗೆ. ಮುಂದೆ 1977ರಲ್ಲಿ ಮೈಕೆಲ್ ಜಾಕ್ಸನ್ (ಹಾಡುಗಾರನಲ್ಲ, ಪತ್ರಕರ್ತ) ಬರೆದ ಜಗತ್ತಿನ ಬಿಯರುಗಳ ಪುಸ್ತಕ, ಬಿಯರುಗಳನ್ನು ಪ್ರಭೇದಗಳಾಗಿ ವಿಂಗಡಿಸಿ ರುಚಿಗೆ ಮಾತು ಕೊಟ್ಟಿತು. ಒಬ್ಬರು ಕಾವಲು ಕಾಯ್ದರು, ಇನ್ನೊಬ್ಬರು ಲಕ್ಷಣಗ್ರಂಥ ಬರೆದರು. ಇವೆರಡೂ ಬೆಂಗಳೂರಿನ ಪಟ್ಟಿಗಳಲ್ಲಿ ಇಲ್ಲ ಎಂಬುದೇ ನಮ್ಮ ತಕರಾರು.

ಇಲ್ಲದಿರುವುದಕ್ಕೆ ಬೆಂಗಳೂರು ಬಿಯರಿಗೆ ಹೊಸದೇನೂ ಅಲ್ಲ. ದಂಡಿನ ಊರಾದ್ದರಿಂದ ಬ್ರಿಟಿಷರ ಕಾಲದಲ್ಲೇ ಇಲ್ಲಿ ಬಿಯರ್ ತಯಾರಾಗುತ್ತಿತ್ತು. 1915ರಲ್ಲಿ ಹುಟ್ಟಿದ ಯುನೈಟೆಡ್ ಬ್ರೂವರೀಸನ್ನು ಸ್ವಾತಂತ್ರ್ಯದ ಹೊತ್ತಿಗೆ ಕೈಗೆ ತೆಗೆದುಕೊಂಡು ಬೆಳೆಸಿದವರು ಕರಾವಳಿ ಮೂಲದ ವಿಠಲ ಮಲ್ಯರು. 1980ರ ದಶಕದ ಕೊನೆಯ ಹೊತ್ತಿಗೆ ಚರ್ಚ್ ಸ್ಟ್ರೀಟಿನ ಸುತ್ತ ಪಬ್ಬುಗಳು ತಲೆಯೆತ್ತಿ, ಊರಿಗೆ 'ಪಬ್ ನಗರ' ಎಂಬ ಬಿರುದೂ ಬಂತು. ಆದರೆ ಆಗ ಎಲ್ಲ ನಲ್ಲಿಗಳಲ್ಲೂ ಬರುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಬಗೆಯ ತಿಳಿ ಲಾಗರ್. ಹೀಗಾಗಿ ಹೋಲಿಸಿ ನೋಡುವ ಅಭ್ಯಾಸ ಬೆಳೆಯಲಿಲ್ಲ. ಹೋಲಿಕೆಯಿಲ್ಲದೆ ವಿಮರ್ಶೆ ಹುಟ್ಟುವುದಾದರೂ ಹೇಗೆ?

ಬದಲಾವಣೆ ಬಂದದ್ದು 2010ರಿಂದ ಈಚೆಗೆ. ಇಂದಿರಾನಗರದಲ್ಲಿ ಟಾಯ್ಟ್, ನಗರದ ನಡುವೆ ಬಿಯೆರ್ ಕ್ಲಬ್, 2012ರಲ್ಲಿ ಆರ್ಬರ್ ಮತ್ತು ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಆರಂಭವಾದವು. ಇವುಗಳ ಹಿಂದೆಯೇ ಹತ್ತಾರು ಬಂದವು. ಟಾಯ್ಟಿನವರ ಬಾಸುಮತಿ ಬ್ಲಾಂಡ್ ಎಂಬ ಬಿಯರನ್ನೇ ನೋಡಿ. ಅಮೆರಿಕದ ದೊಡ್ಡ ಕಂಪನಿಗಳು ಅಕ್ಕಿ ಹಾಕುವುದು ಬಿಯರನ್ನು ಹಗುರ ಮಾಡಲು, ಹಾಗಾಗಿ ಅಕ್ಕಿಯೆಂದರೆ ರಸಿಕರು ಮೂಗು ಮುರಿಯುತ್ತಾರೆ. ಇಲ್ಲಿ ಅದೇ ಅಕ್ಕಿಯನ್ನು ಬಚ್ಚಿಡದೆ ಹೆಸರಿನಲ್ಲೇ ಹೇಳಿದ್ದಾರೆ. ಊಟದ ಜೊತೆಗೆ ಒಗ್ಗುವ ಗುಣ ಅದಕ್ಕಿದೆಯೆಂದು ನಮ್ಮ ಅಭಿಪ್ರಾಯ. ಆರ್ಬರ್ ಮೂಲತಃ ಅಮೆರಿಕದ ಮಿಷಿಗನ್ನಿನದು. ಅವರ ಹೆಗ್ಗಳಿಕೆ ಇಂಡಿಯಾ ಪೇಲ್ ಏಲ್. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಪ್ಸ್ ಹೆಚ್ಚಾಗಿ ಹಾಕಿದ ಬಿಯರುಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ನಮ್ಮ ಮುಂಬಯಿ, ಕಲ್ಕತ್ತೆಗಳಿಗೆ ಬರುತ್ತಿದ್ದವು. ಆ ಹೆಸರಿನಲ್ಲಿ ಇಂಡಿಯಾ ಸೇರಿದ್ದು ಹಾಗೆ. ಇಂಡಿಯಾದವರೇ ಅದನ್ನು ಮರೆತಿದ್ದಾಗ, ಅದು ಅಮೆರಿಕವನ್ನು ಸುತ್ತಿ ಬೆಂಗಳೂರಿಗೆ ಬಂದದ್ದು ಒಂದು ತಮಾಷೆ. ವಿಂಡ್‌ಮಿಲ್ಸ್‌ನಲ್ಲಿ ಪುಸ್ತಕಗಳೂ ಜಾಜ್ ಸಂಗೀತವೂ ಇವೆ. ಕೇಳುವ ಸಂಗೀತಕ್ಕೂ ಕಿವಿಗೆ ಬಡಿಯುವ ಸಂಗೀತಕ್ಕೂ ಇರುವ ಅಂತರ ಇಲ್ಲಿ ಅರ್ಥವಾಗುತ್ತದೆ.

ಹೆಸರುಗಳ ಮಾತು ಇಷ್ಟು ಸಾಕು. ಹೆಸರು ಇಂದು ಇದ್ದು ನಾಳೆ ಕೆಡಬಹುದು. ಓದುಗರಿಗೆ ಉಪಯೋಗವಾಗುವುದು ಒರೆಗಲ್ಲು. ಮೊದಲ ಸಂಜೆಯ ಪಾಠದಿಂದ ನಾವು ಕಂಡುಕೊಂಡದ್ದು ಇಷ್ಟು.

ವಾರದ ದಿನ, ಬೆಳಕಿರುವಾಗ ಹೋಗಬೇಕು. ಜನ ಕಡಿಮೆಯಿದ್ದಾಗ ಬಡಿಸುವವರಿಗೆ ಮಾತನಾಡಲು ವ್ಯವಧಾನ ಇರುತ್ತದೆ, ಕೆಲವೊಮ್ಮೆ ಬಿಯರ್ ತಯಾರಿಸುವವರೇ ಸಿಗುತ್ತಾರೆ. ಫಲಕದಲ್ಲಿ ಹೆಸರುಗಳು ಎಷ್ಟಿವೆ ಎಂಬುದಕ್ಕಿಂತ ಎಷ್ಟು ಖರ್ಚಾಗುತ್ತಿವೆ ಎಂಬುದು ಮುಖ್ಯ. ಆರೇ ಇದ್ದು ಆರೂ ತಾಜಾ ಇದ್ದರೆ ಅದು ಹದಿನಾಲ್ಕಕ್ಕಿಂತ ಮೇಲು. ದೊಡ್ಡ ಲೋಟ ಹೇಳುವ ಮೊದಲು ಚಿಕ್ಕ ಲೋಟಗಳಲ್ಲಿ ರುಚಿ ನೋಡಲು ಕೇಳಬೇಕು. ಇದು ಜಿಪುಣತನವಲ್ಲ, ಎಲ್ಲೆಡೆ ನಡೆಯುವ ವಾಡಿಕೆ. ಮೊದಲು ಗೋಧಿ ಬಿಯರನ್ನು ಕೇಳಬೇಕು. ಜರ್ಮನ್ ರೀತಿಯದಾದರೆ ಅದರಲ್ಲಿ ಬಾಳೆಹಣ್ಣು, ಲವಂಗಗಳ ಪರಿಮಳ ಇರಬೇಕು. ಯಾರೂ ಬಾಳೆಹಣ್ಣು ಹಾಕಿರುವುದಿಲ್ಲ, ಅದು ಯೀಸ್ಟಿನ ಕೊಡುಗೆ. ಪರಿಮಳ ತೆಳುವಾಗಿದ್ದರೆ ಬಿಯರು ಹಳತಾಗಿರಬಹುದು. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಗಲಿದೆ ಎಂದು ತಿಳಿಯಬೇಕು. ಹುಳಿಯಾಗಬಾರದ್ದು ಹುಳಿಯಾಗಿದ್ದರೆ ಎಲ್ಲೋ ತೊಳೆಯುವ ಕೆಲಸ ತಪ್ಪಿದೆ. ಕುಡಿಯುತ್ತ ಹೋದಂತೆ ಲೋಟದ ಒಳಗೋಡೆಗೆ ನೊರೆ ಬಲೆಬಲೆಯಾಗಿ ಅಂಟಿದರೆ ಲೋಟ ಶುಚಿಯಾಗಿದೆ ಎಂದರ್ಥ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಐದು ನಿಮಿಷ ಬಿಡಬೇಕು. ಅತಿ ತಣ್ಣಗಿನದು ದೋಷವನ್ನೂ ಗುಣವನ್ನೂ ಒಟ್ಟಿಗೆ ಮುಚ್ಚುತ್ತದೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ, ಬಡಿಸುವವರನ್ನು ಮಾತನಾಡಿಸುವುದು. ಎರಡನೆಯ ಸಂಜೆ ನಾವು ಅಷ್ಟೇನೂ ಹೆಸರಿಲ್ಲದ ಒಂದು ಮನೆಗೆ ಹೋದೆವು. ಫಲಕದಲ್ಲಿ ಇಂಡಿಯಾ ಪೇಲ್ ಏಲ್ ಬಗ್ಗೆ ಇಂಗ್ಲಿಷಿನಲ್ಲಿ ಪೈನ್ ಮರ, ದ್ರಾಕ್ಷಿಹಣ್ಣು ಎಂದೆಲ್ಲ ಬರೆದಿತ್ತು. ಪೈನ್ ಮರವನ್ನು ಮೂಸಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಬಡಿಸುವ ಹುಡುಗ ನಮ್ಮ ಮಾತು ಕೇಳಿ ಕನ್ನಡದಲ್ಲೇ ಉತ್ತರ ಕೊಟ್ಟ, ತುಮಕೂರು ಕಡೆಯವನು. "ಏನಪ್ಪಾ, ಇದರ ರುಚಿ ಹೇಗಿರುತ್ತೆ, ನೀನೇ ಹೇಳು" ಎಂದೆವು. ಸ್ವಲ್ಪ ನಾಚಿಕೊಂಡು, "ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ ಸಾರ್. ಮೊದಲು ಒಗರು ಕಹಿ, ಆಮೇಲೆ ಬಾಯೆಲ್ಲಾ ಸಿಹಿ" ಎಂದ. ತೊಟ್ಟಿಗೆ ಹಾಕಿ ಎಷ್ಟು ದಿನವಾಯಿತೆಂದೂ ಹೇಳಿದ. ನಾವು ಕುಡಿದು ನೋಡಿದೆವು. ಹುಡುಗ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅಷ್ಟು ಪಟ್ಟಿಗಳಲ್ಲಿ ಸಿಗದಿದ್ದ ವಿಮರ್ಶೆ ಒಂದು ವಾಕ್ಯದಲ್ಲಿ ಸಿಕ್ಕಿತು.

ನಮ್ಮ ಮುಖ್ಯ ಮಾತು ಇರುವುದು ಇಲ್ಲಿಯೇ. ಒಗರು, ಕಹಿ, ಕಮಟು, ಕನರು, ಸಪ್ಪೆ, ಹುಳಿಸಿಹಿ, ಘಾಟು ಇಷ್ಟೆಲ್ಲ ಮಾತುಗಳು ನಮ್ಮ ಅಡಿಗೆಮನೆಯಲ್ಲಿ ದಿನವೂ ಓಡಾಡುತ್ತವೆ. ಕಾಫಿಯ ಡಿಕಾಕ್ಷನ್ ಒಂದು ಹನಿ ತೆಳುವಾದರೂ ಗುರುತಿಸುವ ಜನ ನಾವು. ಅದೇ ಜನ ಬಿಯರ್ ಮನೆಗೆ ಹೋದೊಡನೆ ನಾಲಗೆಯನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬರುವುದೇಕೆ? ಬೆಣ್ಣೆವಾಸನೆಯ ಬಿಯರನ್ನು ಹಿಂದಕ್ಕೆ ಕಳಿಸಲು ಧೈರ್ಯವಾಗದಿರುವುದು, ಅದನ್ನು ಹೇಳುವ ಮಾತು ಪರಭಾಷೆಯದು, ನಮ್ಮದಲ್ಲ ಎಂಬ ಅಳುಕಿನಿಂದ. ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯಿದೆಗೆ ತಿದ್ದುಪಡಿ ಆಯಿತು. ಒಳ್ಳೆಯದೇ. ಆದರೆ ಬಾಗಿಲಿನ ಮೇಲಿನ ಕನ್ನಡ ಒಳಗಿನ ಫಲಕಕ್ಕೂ, ಅಲ್ಲಿಂದ ಗಿರಾಕಿಯ ನಾಲಗೆಗೂ ಬರಬೇಕು. ಅದಕ್ಕೆ ಕಾಯಿದೆ ಸಾಲದು, ಕೇಳುವ ಗಿರಾಕಿ ಬೇಕು.

ಒಂದೆರಡು ಎಚ್ಚರಿಕೆಯ ಮಾತು. ಮಾವಿನಹಣ್ಣು, ರಾಗಿ, ಕೊಡಗಿನ ಕಾಫಿ ಎಂದು ಹೆಸರಿದ್ದ ಮಾತ್ರಕ್ಕೆ ಬಿಯರು ನಮ್ಮದಾಗುವುದಿಲ್ಲ. ಮೊದಲು ಅದು ಒಳ್ಳೆಯ ಬಿಯರಾಗಿರಬೇಕು. ಕುಡಿದು ವಾಹನ ನಡೆಸುವುದಂತೂ ಬೇಡವೇ ಬೇಡ. ಇಂದಿರಾನಗರಕ್ಕೂ ವೈಟ್‌ಫೀಲ್ಡಿಗೂ ಈಗ ಮೆಟ್ರೋ ಇದೆ. ಎರಡು ಲೋಟಕ್ಕೆ ನಿಲ್ಲಿಸಿದವನಿಗೆ ಮಾತ್ರ ಮೂರನೆಯ ದಿನವೂ ರುಚಿ ನೆನಪಿರುತ್ತದೆ.

ಕೊನೆಗೆ ನಮ್ಮ ಮುಂಬಯಿಯ ಮಾತು. 1949ರ ಪಾನನಿಷೇಧ ಕಾಯಿದೆಯ ನೆರಳಿನಲ್ಲಿ 'ಪರ್ಮಿಟ್ ರೂಮ್' ಎಂಬ ಹೆಸರು ಹುಟ್ಟಿದ ಊರು ಇದು. ಆ ಪರ್ಮಿಟ್ ರೂಮುಗಳಲ್ಲಿ ಎಷ್ಟೋ ನಮ್ಮ ತುಳು ಕನ್ನಡ ಬಂಧುಗಳ ದುಡಿಮೆಯಿಂದಲೇ ನಡೆದವು, ನಡೆಯುತ್ತಿವೆ. ನಾಸಿಕದ ಬಳಿಯ ದೇವಲಾಲಿಯಲ್ಲಿ ಹಡಗು ಕಾದು ಕಾದು ತಲೆಕೆಟ್ಟ ಗೋರಾ ಸಿಪಾಯಿಗಳಿಂದ ಹುಟ್ಟಿದ ಪದ 'ಡೂಲಾಲಿ'. ಅದೇ ಹೆಸರಿನ ಬ್ರೂಪಬ್ 2009ರಲ್ಲಿ ಪುಣೆಯಲ್ಲಿ ಆರಂಭವಾಗಿ ಮುಂದೆ ಮುಂಬಯಿಗೂ ಬಂತು. ಅಂದಮೇಲೆ ಬೆಂಗಳೂರಿನಲ್ಲಿ ಹಿಡಿದ ಒರೆಗಲ್ಲನ್ನು ಇಲ್ಲಿಯೂ ಹಿಡಿಯಬಹುದು. ಉಡುಪಿ ಹೋಟೆಲಿನಲ್ಲಿ ಸಾಂಬಾರು ಹಳಸಿದರೆ ನಾವು ಮಾಲೀಕರನ್ನು ಕರೆದು ಹೇಳುವುದಿಲ್ಲವೇ? ಅದರಿಂದಲೇ ಆ ಹೋಟೆಲುಗಳು ಇಷ್ಟು ಕಾಲ ಬಾಳಿದವು. ಬಿಯರ್ ಮನೆಗೂ ಅದೇ ಸಲಿಗೆ, ಅದೇ ನಿಷ್ಠುರ ಸಲ್ಲಬೇಕು.

ಬೆಂಗಳೂರಿಗೆ ಹೋಗಿ ಬಂದ ಓದುಗರು, ತಾವು ಕಂಡ ಒಳ್ಳೆಯ ಮನೆಯನ್ನೂ ಅಲ್ಲಿಯ ರುಚಿಯನ್ನೂ ಕನ್ನಡದ ಒಂದೇ ಮಾತಿನಲ್ಲಿ ಬರೆದು ತಿಳಿಸಿದರೆ ನಮಗೆ ಸಂತೋಷ. ದೀಪ, ಕುರ್ಚಿಗಳ ವಿಷಯ ಬೇಡ.