ನಿಯಮ ಹೇಳದ ನೆಲ

1980ರ ಮೇ ತಿಂಗಳಲ್ಲಿ ಬಿಬಿಸಿ ಮಕ್ಕಳಿಗಾಗಿ 'ದಿ ಅಡ್ವೆಂಚರ್ ಗೇಮ್' ಎಂಬ ಕಾರ್ಯಕ್ರಮ ಶುರು ಮಾಡಿತು. ಪ್ರತಿ ಕಂತಿನಲ್ಲೂ ಮೂವರು ಅತಿಥಿಗಳು ಆರ್ಗ್ ಎಂಬ ಕಲ್ಪಿತ ಗ್ರಹಕ್ಕೆ ಬರುತ್ತಾರೆ. ಸಾಮಾನ್ಯವಾಗಿ ಇಬ್ಬರು ಟಿವಿಯಲ್ಲಿ ಹೆಸರಾದವರು, ಇನ್ನೊಬ್ಬರು ಜನಸಾಮಾನ್ಯರಲ್ಲಿ ಒಬ್ಬರು. ಅಲ್ಲಿಂದ ಮನೆಗೆ ಮರಳಬೇಕಾದರೆ ಒಂದಾದ ಮೇಲೊಂದು ಒಗಟು ಬಿಡಿಸಬೇಕು. ಗ್ರಹದ ಒಡೆಯ ರಾಂಗ್ಡೊ ಕೆಲವು ಸರಣಿಗಳಲ್ಲಿ ಕುಂಡದಲ್ಲಿ ಬೆಳೆದ ಒಂದು ಎಲೆಗಿಡ. ಬಂದವರು ಅದಕ್ಕೆ ಬಗ್ಗಿ ನಮಸ್ಕರಿಸಬೇಕಿತ್ತು. ಬಿಬಿಸಿಯ ವಾರ್ತಾವಾಚಕಿ ಮೊಯಿರಾ ಸ್ಟುವರ್ಟ್ ಕೂಡ ಆ ಗ್ರಹದ ನಿವಾಸಿಯಾಗಿ ನಟಿಸಿದರು. ನಿವಾಸಿಗಳ ಹೆಸರುಗಳೆಲ್ಲ ಡ್ರ್ಯಾಗನ್ ಎಂಬ ಪದದ ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಮಾಡಿದವು: ಗ್ಯಾಂಡರ್, ಡರೋಂಗ್, ನೋರ್ಡ್. 1986ರವರೆಗೆ ನಾಲ್ಕು ಸರಣಿ, ಒಟ್ಟು 22 ಕಂತು. ಎಣಿಕೆಗೆ ಕಡಿಮೆ. ಆದರೂ ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ಬೆಳೆದವರು ಇದರ ಆಟಗಳನ್ನು ಇಂದಿಗೂ ರಟ್ಟು, ಪ್ಲೈವುಡ್, ಫೋಮ್ ಹಾಸುಗಳಲ್ಲಿ ಮನೆಯಲ್ಲೇ ಮಾಡುತ್ತಿದ್ದಾರೆ.

ಈ ಹವ್ಯಾಸಕ್ಕೆ ವಿಮರ್ಶೆ ಬೇಕೆ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಕು. ಒಂದು ಆಟವನ್ನು ನಕಲು ಮಾಡಹೊರಟವರು ಅದರಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತಾರೆ, ಯಾವುದನ್ನು ಕೈಬಿಡುತ್ತಾರೆ ಎಂಬುದರ ಮೇಲೆಯೇ ಅದು ಮಕ್ಕಳ ಕೈಯಲ್ಲಿ ಬದುಕುತ್ತದೋ, ಒಂದು ಸಂಜೆ ಮೆರೆದು ಅಟ್ಟ ಸೇರುತ್ತದೋ ಎಂಬುದು ತೀರ್ಮಾನವಾಗುತ್ತದೆ.

ಕಾರ್ಯಕ್ರಮದ ಜನಕ ಪ್ಯಾಟ್ರಿಕ್ ಡೌಲಿಂಗ್. ಮಾತಿಲ್ಲದೆ ಚಿತ್ರ, ಸಂಜ್ಞೆಗಳಲ್ಲೇ ಬಹುಪಾಲು ನಡೆಯುತ್ತಿದ್ದ 'ವಿಷನ್ ಆನ್' ಎಂಬ ಮಕ್ಕಳ ಕಾರ್ಯಕ್ರಮದ ನಿರ್ಮಾಪಕರಾಗಿದ್ದವರು. ವಿವರಣೆ ಕೊಡದೆ ತೋರಿಸುವ ಆ ಅಭ್ಯಾಸ ಇಲ್ಲಿಗೂ ಬಂತು. ಆರ್ಗ್ ಗ್ರಹದ ನಾಣ್ಯವನ್ನೇ ನೋಡಿ. 'ಡ್ರೋಗ್ನಾ' ಎಂದರೆ ಬಣ್ಣದ ಪ್ಲಾಸ್ಟಿಕ್ ಬಿಲ್ಲೆ. ಕೆಲವು ವೃತ್ತ, ಕೆಲವು ತ್ರಿಕೋನ, ಕೆಲವು ಚೌಕ. ಬೆಲೆ ಎಲ್ಲಿಯೂ ಬರೆದಿಲ್ಲ. ಕಾಮನಬಿಲ್ಲಿನ ಸಾಲಿನಲ್ಲಿ ಆ ಬಣ್ಣ ಎಷ್ಟನೆಯದೋ ಆ ಸಂಖ್ಯೆಯನ್ನು ಬಿಲ್ಲೆಯ ಬದಿಗಳ ಎಣಿಕೆಯಿಂದ ಗುಣಿಸಿದರೆ ಬೆಲೆ ಸಿಗುತ್ತದೆ. ವೃತ್ತಕ್ಕೆ ಒಂದೇ ಬದಿ. ಆದ್ದರಿಂದ ಕೆಂಪು ವೃತ್ತ 1, ನೀಲಿ ಚೌಕ 20, ನೇರಳೆ ತ್ರಿಕೋನ 21. ಹಸಿರು ತ್ರಿಕೋನಕ್ಕೂ 12, ಹಳದಿ ಚೌಕಕ್ಕೂ 12. ಈ ಕೊನೆಯ ಸಮಾನತೆ ಕಣ್ಣಿಗೆ ಬಿದ್ದ ಮಗುವಿಗೆ ಗುಣಾಕಾರದ ಮಗ್ಗಿಯಲ್ಲಿ ಯಾರೂ ತೋರಿಸದಿದ್ದ ಒಂದು ಸಂಗತಿ ತಾನಾಗಿ ಕಂಡಿರುತ್ತದೆ.

ಇದೇ ಬಣ್ಣ, ಇದೇ ಆಕಾರಗಳು ನೆಲಕ್ಕೂ ಬಂದವು. ಆಕಾರಗಳನ್ನು ಹಾಸಿದ ನೆಲವನ್ನು ಅತಿಥಿಗಳು ಹೆಜ್ಜೆ ಹೆಜ್ಜೆಯಾಗಿ ದಾಟಬೇಕು. ಯಾವ ಮನೆಯಿಂದ ಯಾವ ಮನೆಗೆ ಹೋಗಬಹುದು ಎಂಬುದನ್ನು ಬಣ್ಣ, ಆಕಾರಗಳ ನಂಟು ನಿರ್ಧರಿಸುತ್ತದೆ. ಗೋಡೆಯಿಲ್ಲ, ಬೇಲಿಯಿಲ್ಲ, ದಾರಿಯೆಲ್ಲ ತೆರೆದೇ ಇದೆ. ಹಾಗಿದ್ದೂ ಕಾಲಿಡಲು ಹೆದರಿಕೆ. ಈ ನೆಲದಾಟವನ್ನು ಆಧರಿಸಿ ಆಕಾರ್ನ್‌ಸಾಫ್ಟ್ ಕಂಪನಿ 'ಡ್ರೋಗ್ನಾ' ಹೆಸರಿನಲ್ಲೇ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಒಂದು ಆಟವನ್ನೂ ತಂದಿತು.

ಮನೆಯಲ್ಲಿ ಮಾಡುವವರು ಎಡವುವುದು ಸರಿಯಾಗಿ ಇಲ್ಲಿಯೇ. ಬಣ್ಣಗಳನ್ನು ಮುತುವರ್ಜಿಯಿಂದ ಹಚ್ಚುತ್ತಾರೆ, ಟೈಲುಗಳ ಅಂಚು ಉಜ್ಜುತ್ತಾರೆ, ಗ್ರಹದ ಕಥೆಯನ್ನೂ ಜೋಡಿಸುತ್ತಾರೆ. ಆಮೇಲೆ ಪೆಟ್ಟಿಗೆಯ ಮುಚ್ಚಳದ ಮೇಲೆ ನಿಯಮವನ್ನು ಅಚ್ಚುಕಟ್ಟಾಗಿ ಬರೆದಿಡುತ್ತಾರೆ: "ಬಣ್ಣ ಅಥವಾ ಆಕಾರ ಹೊಂದಿದರೆ ಮುಂದೆ ಹೋಗಿ." ಅಲ್ಲಿಗೆ ಆಟ ಮುಗಿಯಿತು. ಉಳಿಯುವುದು ಪತ್ರಿಕೆಗಳ ಮಕ್ಕಳ ಪುಟದಲ್ಲಿ ಬರುವ, ಪೆನ್ಸಿಲಿನಲ್ಲಿ ಗೆರೆ ಎಳೆದು ದಾರಿ ತೋರಿಸುವ ಕೆಲಸ ಮಾತ್ರ. ಮೂಲದ ಜೀವ ಇದ್ದದ್ದು ನಿಯಮವನ್ನು ಹೇಳದಿರುವುದರಲ್ಲಿ. ನೋಡುತ್ತಿದ್ದ ಮಕ್ಕಳ ಮುಂದೆ ದೊಡ್ಡವರು, ಅದೂ ಹೆಸರಾದ ದೊಡ್ಡವರು, ಏನೂ ತಿಳಿಯದೆ ನಿಂತು, ಒಂದು ಊಹೆ ಮಾಡಿ, ತಪ್ಪಿ, ಊಹೆ ತಿದ್ದಿಕೊಂಡು ಮುಂದೆ ಸಾಗುತ್ತಿದ್ದರು. ಗೊತ್ತಿಲ್ಲದವರು ಗೊತ್ತುಮಾಡಿಕೊಳ್ಳುವ ಬಗೆ ಪರದೆಯ ಮೇಲೆ ಹಾಗೆ ಬಿಡುವಾಗಿ ಕಾಣಸಿಗುವುದು ಅಪರೂಪ.

ಒಂದು ಸಣ್ಣ ನೆಲವನ್ನೇ ಹಾಸಿ ನೋಡೋಣ. ಮೂರು ಸಾಲು, ಸಾಲಿಗೆ ಮೂರು ಮನೆ. ಮೊದಲ ಸಾಲಿನಲ್ಲಿ ಕೆಂಪು ವೃತ್ತ, ಕೆಂಪು ಚೌಕ, ಕೆಂಪು ತ್ರಿಕೋನ. ಎರಡನೆಯದರಲ್ಲಿ ನೀಲಿ ವೃತ್ತ, ನೀಲಿ ಚೌಕ, ಹಳದಿ ತ್ರಿಕೋನ. ಮೂರನೆಯದರಲ್ಲಿ ಹಳದಿ ವೃತ್ತ, ಹಳದಿ ಚೌಕ, ನೀಲಿ ತ್ರಿಕೋನ. ಹೊರಡುವುದು ಕೆಂಪು ವೃತ್ತದಿಂದ, ತಲುಪಬೇಕಾದದ್ದು ಹಳದಿ ತ್ರಿಕೋನ. ಪಕ್ಕದ ಮನೆಗೆ ಹೋಗಬಹುದು, ಓರೆಯಾಗಿ ಹೋಗುವಂತಿಲ್ಲ. "ಬಣ್ಣ ಅಥವಾ ಆಕಾರ" ಎಂಬ ನಿಯಮವಾದರೆ ಮೂರೇ ಹೆಜ್ಜೆ: ಕೆಂಪು ಚೌಕ, ಕೆಂಪು ತ್ರಿಕೋನ, ಅಲ್ಲಿಂದ ಕೆಳಗಿಳಿದರೆ ಹಳದಿ ತ್ರಿಕೋನ.

ಈಗ ಟೈಲುಗಳನ್ನು ಕದಲಿಸದೆ ನಿಯಮವನ್ನಷ್ಟೇ ಬದಲಿಸಿ. ಮೊದಲ ಹೆಜ್ಜೆಯಲ್ಲಿ ಆಕಾರ ಹೊಂದಬೇಕು, ಎರಡನೆಯದರಲ್ಲಿ ಬಣ್ಣ, ಮೂರನೆಯದರಲ್ಲಿ ಮತ್ತೆ ಆಕಾರ, ಹೀಗೆ ಒಂದಾದ ಮೇಲೆ ಒಂದು. ಆಡುವವರಿಗೆ ಇದನ್ನು ಹೇಳಬೇಡಿ. ಎದುರಿಗೇ ಕಾಣುವ ಕೆಂಪು ಚೌಕಕ್ಕೆ ಕಾಲಿಟ್ಟ ತಕ್ಷಣ "ಇಲ್ಲ" ಎಂಬ ಉತ್ತರ ಬರುತ್ತದೆ. ಕೆಳಗಿನ ನೀಲಿ ವೃತ್ತಕ್ಕೆ "ಹೌದು". ಹಾಗಾದರೆ ಆಕಾರವೇ ನಿಯಮ ಎಂದುಕೊಂಡು ಇನ್ನೊಂದು ವೃತ್ತಕ್ಕೆ, ಅಂದರೆ ಕೆಳಗಿನ ಹಳದಿ ವೃತ್ತಕ್ಕೆ ಇಳಿಯಹೊರಟರೆ "ಇಲ್ಲ". ಪಕ್ಕದ ನೀಲಿ ಚೌಕಕ್ಕೆ "ಹೌದು". ಸರಿಯಾದ ದಾರಿ ನೀಲಿ ವೃತ್ತ, ನೀಲಿ ಚೌಕ, ಮೇಲೆ ಹತ್ತಿ ಕೆಂಪು ಚೌಕ, ಕೆಂಪು ತ್ರಿಕೋನ, ಹಳದಿ ತ್ರಿಕೋನ. ಐದು ಹೆಜ್ಜೆ. ಮೊದಲು ಬೇಡವೆಂದ ಕೆಂಪು ಚೌಕದ ಮೂಲಕವೇ ದಾರಿ ಹಾಯುತ್ತದೆ. ನೀಲಿ ಚೌಕದಿಂದ ಮೇಲಿನ ಬದಲು ಕೆಳಗೆ ಹೋದರೆ ಹಳದಿ ಚೌಕ, ಹಳದಿ ವೃತ್ತ, ನೀಲಿ ವೃತ್ತ ಸುತ್ತಿ ಮತ್ತೆ ನೀಲಿ ಚೌಕಕ್ಕೇ ಬಂದು ನಿಲ್ಲುತ್ತಾರೆ. ಆ ಸುತ್ತಿನಲ್ಲಿ ಪ್ರತಿ ಹೆಜ್ಜೆಗೂ "ಹೌದು" ಎಂಬ ಉತ್ತರವೇ ಸಿಗುತ್ತದೆ. ಒಂಬತ್ತು ಟೈಲಿನಲ್ಲಿ ಇಷ್ಟು ಆಳವಿದೆ. ದೊಡ್ಡ ನೆಲಕ್ಕಾಗಿ ಹಂಬಲಿಸುವ ಮೊದಲು ಈ ಆಳವನ್ನು ಮುಟ್ಟಬೇಕು.

ಒಂದೇ ಮನೆಗೆ ಹೇಗೆ ಬಂದಿರಿ ಎಂಬುದರ ಮೇಲೆ ಮುಂದಿನ ದಾರಿ ತೆರೆಯುವ ಈ ಉಪಾಯಕ್ಕೆ ಆ ಟಿವಿ ಕಾರ್ಯಕ್ರಮಕ್ಕಿಂತ ಹಳೆಯ ಮೂಲವಿದೆ. ಅಮೆರಿಕದ ರಾಬರ್ಟ್ ಅಬಟ್ ರಚಿಸಿದ, ಒಂದು ಊರಿನ ರಸ್ತೆಗಳ ನಕ್ಷೆಯಂತಿರುವ ಒಗಟನ್ನು ಮಾರ್ಟಿನ್ ಗಾರ್ಡ್ನರ್ 1962ರ ಅಕ್ಟೋಬರಿನಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಪ್ರಕಟಿಸಿದರು. ಅದರಲ್ಲಿ ಪ್ರತಿ ಕೂಡುರಸ್ತೆಯ ಬಾಣಗಳೂ ಯಾವ ಕಡೆಯಿಂದ ಬಂದವರು ಯಾವ ಕಡೆಗೆ ತಿರುಗಬಹುದು ಎಂದು ಕಟ್ಟುಪಾಡು ಹಾಕುತ್ತವೆ. ಗೋಡೆಯ ಬದಲು ನಿಯಮವೇ ದಾರಿ ತಡೆಯುವ ಈ ಬಗೆಯನ್ನು ಅಬಟ್ 1990ರ 'ಮ್ಯಾಡ್ ಮೇಜಸ್' ಪುಸ್ತಕದಲ್ಲಿ ಇನ್ನಷ್ಟು ಬೆಳೆಸಿದರು. ಡ್ರೋಗ್ನಾ ನೆಲವನ್ನು ಮನೆಯಲ್ಲಿ ಮಾಡುವವರು ಅಬಟ್ ಅವರನ್ನು ಓದಿದರೆ ಅವರ ಆಟದ ಮಟ್ಟವೇ ಬೇರೆಯಾಗುತ್ತದೆ.

ಇನ್ನು ಟೈಲುಗಳನ್ನು ಹಾಸುವ ಬಗೆ. ನಾಲ್ಕು ಬಣ್ಣ, ನಾಲ್ಕು ಆಕಾರ, ಒಂದೊಂದು ಜೋಡಿಗೆ ಒಂದು ಟೈಲಿನಂತೆ ಹದಿನಾರು ಟೈಲು ಮಾಡಿ, ಕಲಸಿ, ಕೈಗೆ ಬಂದಂತೆ ನಾಲ್ಕು ಸಾಲಿನಲ್ಲಿ ಇಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದು ಕೆಲಸ ಮಾಡುವುದಿಲ್ಲ, ಕಾರಣ ಲೆಕ್ಕದಲ್ಲಿದೆ. ಯಾವುದೇ ಟೈಲಿಗೆ ಉಳಿದ 15ರಲ್ಲಿ ಬಣ್ಣದಿಂದ 3, ಆಕಾರದಿಂದ 3, ಒಟ್ಟು 6 ಮಾತ್ರ ಹೊಂದುತ್ತವೆ. ಹದಿನಾರು ಮನೆಗಳ ನೆಲದಲ್ಲಿ ಪಕ್ಕಪಕ್ಕದ ಜೋಡಿಗಳು 24. ಅವುಗಳಲ್ಲಿ ಸರಾಸರಿ 9.6 ಮಾತ್ರ ತೆರೆದಿರುತ್ತವೆ. ಹದಿನಾರು ಮನೆಗಳೂ ಒಂದಕ್ಕೊಂದು ಕೂಡಿಕೊಳ್ಳಲು ಕಡಿಮೆಯೆಂದರೆ 15 ಬೇಕು. ಹಾಗಾಗಿ ಕಲಸಿ ಹಾಸಿದ ನೆಲ ಸಾಮಾನ್ಯವಾಗಿ ಆರೇಳು ತುಂಡಾಗಿ ಒಡೆದಿರುತ್ತದೆ. ದಾರಿಯೇ ಇಲ್ಲದ ನೆಲದಲ್ಲಿ ಮಗು ಅರ್ಧ ಗಂಟೆ ಒದ್ದಾಡಿದರೆ ತಪ್ಪು ಮಗುವಿನದಲ್ಲ. ದಾರಿಯನ್ನು ಮೊದಲು ಹಾಸಿ, ಮಿಕ್ಕ ಟೈಲುಗಳಿಂದ ಅಕ್ಕಪಕ್ಕ ತುಂಬುವುದೇ ಸರಿಯಾದ ಕ್ರಮ. ತುಂಬುವಾಗ ಪ್ರತಿ "ಇಲ್ಲ"ವೂ ಏನನ್ನಾದರೂ ಕಲಿಸುವಂತಿರಬೇಕು. ಮೇಲಿನ ಸಣ್ಣ ನೆಲದಲ್ಲಿ ಮೊದಲ ಸಾಲಿಡೀ ಕೆಂಪು ಇರುವುದು ಇದಕ್ಕೇ. ಬಣ್ಣ ಹೊಂದಿದರೂ ನಡೆ ನಡೆಯದು ಎಂಬ ಪಾಠ ಹೊರಟ ಮನೆಯಲ್ಲೇ ಸಿಗುತ್ತದೆ.

ಬಣ್ಣಗಳ ವಿಷಯದಲ್ಲಿ ಮೂಲಕ್ಕೆ ನಿಷ್ಠರಾಗುವುದು ಬೇಡ. ಕಾಮನಬಿಲ್ಲಿನ ಏಳೂ ಬಣ್ಣ ಬೇಕೆಂದು ಹಟ ಹಿಡಿದು ನೀಲಿ, ಊದಾ, ನೇರಳೆ ಮೂರನ್ನೂ ಟೈಲಿಗೆ ಹಚ್ಚಿದರೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವು ಒಂದೇ ಆಗಿ ಕಾಣುತ್ತವೆ. ಕೆಂಪು, ಹಸಿರು ಬೇರೆಯಾಗಿ ಕಾಣದವರೂ ಇದ್ದಾರೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಈ ತೊಂದರೆಯಿರುವವರು ಸುಮಾರು 8%. ಟೈಲಿನ ಮೂಲೆಯಲ್ಲಿ ಬಣ್ಣಕ್ಕೊಂದು ಗುರುತು, ಒಂದು ಚುಕ್ಕಿ ಅಥವಾ ಎರಡು ಗೆರೆ, ಇದ್ದುಬಿಟ್ಟರೆ ಆಟ ಎಲ್ಲರದೂ ಆಗುತ್ತದೆ.

ಕಾರ್ಯಕ್ರಮದ ಅತ್ಯಂತ ಪ್ರಸಿದ್ಧ ಆಟವೆಂದರೆ ಎರಡನೆಯ ಸರಣಿಯಲ್ಲಿ ಬಂದ 'ವೋರ್ಟೆಕ್ಸ್'. ಚೌಕಳಿಯ ಮೇಲೆ ಅತಿಥಿ ಒಂದು ಹೆಜ್ಜೆ ಇಟ್ಟರೆ ಕಣ್ಣಿಗೆ ಕಾಣದ ವೋರ್ಟೆಕ್ಸ್ ಇನ್ನೊಂದು ಹೆಜ್ಜೆ ಇಡುತ್ತದೆ. ಎರಡೂ ಒಂದೇ ಕಡೆ ಸೇರಿದರೆ ಅತಿಥಿ ಮಾಯ. ಮುಂದಿನ ಜಾಗ ಸುರಕ್ಷಿತವೇ ಎಂದು ನೋಡಲು ಮೊದಲು ಗೆದ್ದ ಬನ್ನನ್ನು ಅಲ್ಲಿಗೆ ಎಸೆಯಬಹುದಿತ್ತು. ಮನೆಯಲ್ಲಿ ಮಾಡುವವರಲ್ಲಿ ಬಹುಮಂದಿಯ ಆಸೆ ಇದರ ಮೇಲೆ. ಆದರೆ ಟಿವಿಯಲ್ಲಿ ಇದು ರೋಚಕವಾಗಿದ್ದದ್ದು ವೀಕ್ಷಕರಿಗೆ ವೋರ್ಟೆಕ್ಸ್ ಕಾಣುತ್ತಿದ್ದುದರಿಂದ. ಆಡುವವರ ಪಾಲಿಗೆ ಅದು ಬರೀ ಅದೃಷ್ಟ, ಊಹಿಸಲು ಸುಳಿವೇ ಇಲ್ಲ. ಇಬ್ಬರೇ ಇರುವ ಮನೆಯಲ್ಲಿ ವೋರ್ಟೆಕ್ಸ್ ಸಪ್ಪೆ. ಹತ್ತು ಮಂದಿ ಸೇರಿದ ಕಡೆ, ಬಚ್ಚಿಟ್ಟ ಸಣ್ಣ ಹಲಗೆಯ ಮೇಲೆ ಅದರ ನಡೆ ಉಳಿದವರಿಗೆಲ್ಲ ಕಾಣುವಂತಿದ್ದು, ಅವರು ಉಸಿರು ಬಿಗಿಹಿಡಿದು ಸುಮ್ಮನಿದ್ದರೆ ಮಾತ್ರ ಅದಕ್ಕೆ ಕಳೆ.

ಐಟಿವಿಯಲ್ಲಿ 1987ರಿಂದ 1994ರವರೆಗೆ 112 ಕಂತು ನಡೆದ 'ನೈಟ್‌ಮೇರ್' ಕೂಡ ಹಲವರಿಗೆ ಸ್ಫೂರ್ತಿ. ಅದರಲ್ಲಿ ಶಿರಸ್ತ್ರಾಣ ತೊಟ್ಟ ಒಂದು ಮಗುವಿಗೆ ಸುತ್ತಲಿನದು ಕಾಣದು, ಹೊರಗೆ ಕೂತ ಮೂವರು ಗೆಳೆಯರು ಎಡಕ್ಕೆ ಬಲಕ್ಕೆ ಎಂದು ನಡೆಸಬೇಕು. ಮನೆಯಲ್ಲಿ ಮಾಡಲು ಬಲು ಸುಲಭ, ಕಣ್ಣಿಗೆ ಒಂದು ಬಟ್ಟೆ ಸಾಕು. ಗುಂಪಿಗೆ ಒಳ್ಳೆಯದು, ಆದರೆ ಅದು ಪರೀಕ್ಷಿಸುವುದು ಮಾತಿನ ಖಚಿತತೆಯನ್ನು, ಊಹೆಯನ್ನಲ್ಲ. ಜರ್ಮನಿಯ ರಾವೆನ್ಸ್‌ಬರ್ಗರ್ 1986ರಲ್ಲಿ ತಂದ, ಮಾಕ್ಸ್ ಕೋಬರ್ಟ್ ಅವರ ಚಕ್ರವ್ಯೂಹದಾಟದಲ್ಲಿ ದಾರಿಯ ಟೈಲುಗಳನ್ನು ತಳ್ಳಿ ದಾರಿಯನ್ನೇ ಬದಲಿಸುತ್ತಾರೆ. ಅಂಗಡಿಯಲ್ಲಿ ಸಿಗುವ ಆಟಗಳಲ್ಲಿ ಅದು ಸೊಗಸಾದದ್ದು, ಮನೆಯಲ್ಲಿ ಮತ್ತೆ ಕತ್ತರಿಸುವ ಅಗತ್ಯವಿಲ್ಲ. ಡ್ರೋಗ್ನಾ ನೆಲವನ್ನು ಮಾತ್ರ ಮನೆಯಲ್ಲೇ ಮಾಡಬೇಕು. ಯಾಕೆಂದರೆ ನಿಯಮ ಒಮ್ಮೆ ಗೊತ್ತಾದ ಮೇಲೆ ಹೊಸ ನಿಯಮ ಹೊಸೆಯಬೇಕು, ಆ ಕೆಲಸವನ್ನು ಯಾವ ಪೆಟ್ಟಿಗೆಯೂ ಮಾಡಿಕೊಡುವುದಿಲ್ಲ. ಬೆಲೆ ಏರುತ್ತಲೇ ಹೋಗಬೇಕು, ಎರಡು ಟೈಲುಗಳ ಬೆಲೆ ಸೇರಿ ಸಮಸಂಖ್ಯೆಯಾಗಬೇಕು, ಮೂರನೆಯ ಹೆಜ್ಜೆಗೆ ಬಣ್ಣವೂ ಆಕಾರವೂ ಬೇರೆಯಾಗಿರಬೇಕು. ಹೀಗೆ ಅದೇ ಒಂಬತ್ತು ಟೈಲು ವರ್ಷಗಟ್ಟಲೆ ಬಾಳುತ್ತವೆ. ಒಂದು ಸಲ ನಿಯಮ ಕಂಡುಹಿಡಿದ ಮಗು ಮುಂದಿನ ಸಲ ನಿಯಮ ಮಾಡುವ ಹಕ್ಕು ಕೇಳುತ್ತದೆ, ಆ ಹಕ್ಕನ್ನು ಕೊಡಲೇಬೇಕು.

ಮಾಡಬೇಕೆನ್ನುವ ಓದುಗರಿಗೆ ಪ್ಲೈವುಡ್ ಬೇಕಿಲ್ಲ. ಕುಂಟೆಬಿಲ್ಲೆಗೆ, ಚೌಕಾಬಾರಕ್ಕೆ ಮನೆ ಬರೆದ ಅಂಗಳ, ತಾರಸಿಗಳಲ್ಲೇ ಬಣ್ಣದ ಸೀಮೆಸುಣ್ಣದಿಂದ ಒಂಬತ್ತು ಮನೆ ಬರೆಯಬಹುದು. ಮೇಲೆ ಹೇಳಿದ ನೆಲದಿಂದಲೇ ಶುರುಮಾಡಿ. ಆಡಿಸುವವರು "ಹೌದು", "ಇಲ್ಲ" ಎಂಬ ಎರಡು ಮಾತಿನಾಚೆ ಬಾಯಿ ಬಿಡಬಾರದು, ಮಗು ಎಷ್ಟೇ ಗೋಗರೆದರೂ ನಿಯಮ ಹೇಳಬಾರದು.