ವಿಡಿಯೋ ಆಟಗಳಲ್ಲಿ ಪ್ರಾಸಂಗಿಕ ಕಥೆ

ಧನಂಜಯನು ‘ದಶರೂಪಕ’ದಲ್ಲಿ ಕಥಾವಸ್ತುವನ್ನು ಆಧಿಕಾರಿಕ, ಪ್ರಾಸಂಗಿಕ ಎಂದು ಇಬ್ಬಗೆಯಾಗಿ ವಿಂಗಡಿಸಿ, ಪ್ರಾಸಂಗಿಕದಲ್ಲಿ ದೂರ ಸಾಗುವುದು ಪತಾಕೆ, ಅಲ್ಪದಲ್ಲಿ ಮುಗಿಯುವುದು ಪ್ರಕರಿ ಎಂದಿರುವನು. ಸಾವಿರ ವರ್ಷಗಳ ಹಿಂದಿನ ಈ ಲಕ್ಷಣವು, ಇಂದು ಆಳಂದ, ಅಫಜಲಪುರ, ಜೇವರ್ಗಿಗಳ ಮನೆಗಳಲ್ಲಿಯೂ ತರುಣರು ಆಡುವ ವಿಶಾಲಲೋಕದ ವಿಡಿಯೋ ಆಟಗಳಿಗೆ ಚೆನ್ನಾಗಿ ಒಪ್ಪುತ್ತದೆ. ಇವುಗಳಲ್ಲಿ ಮುಖ್ಯಕಾರ್ಯದ ಸುತ್ತ ಹಲವಾರು ಉಪಕಾರ್ಯಗಳಿರುವುವು. ಆಡುವವನು ಅವನ್ನು ಕೈಕೊಳ್ಳಬಹುದು, ಬಿಡಬಹುದು.

2015ರಲ್ಲಿ ಪೋಲೆಂಡಿನವರು ಹೊರತಂದ ‘ದಿ ವಿಚರ್ 3’ ಆಟವನ್ನೇ ನೋಡಬಹುದು. ಪರಸೈನ್ಯವು ಆಕ್ರಮಿಸಿದ ಹಳ್ಳಿಯೊಂದರಲ್ಲಿ ಮುದುಕಿಯೊಬ್ಬಳು, ಎರವಲು ಕೊಟ್ಟ ತನ್ನ ಬಾಣಲೆಯನ್ನು ತಂದುಕೊಡೆಂದು ನಾಯಕ ಗೆರಾಲ್ಟನನ್ನು ಬೇಡುತ್ತಾಳೆ. ಬಾಣಲೆಯಿದ್ದ ಮನೆಯಲ್ಲಿ ಹೆಣ ಬಿದ್ದಿದೆ! ಮುದುಕಿಯ ಚಿಂತೆಯೆಲ್ಲ ಬಾಣಲೆಯದು. ಯುದ್ಧಕಾಲದ ಬಡತನವನ್ನು ಒಂದು ಪಾತ್ರೆಯಿಂದ ತೋರಿದ ಈ ಪ್ರಕರಿಯು ನಿಜವಾಗಿಯೂ ರಸವತ್ತಾದುದು.

ಆದರೆ ದೊಡ್ಡ ಕುಂದೊಂದುಂಟು. ಗೆರಾಲ್ಟನು ಮಗಳಂತೆ ಸಾಕಿದ ಸಿರಿಯನ್ನು ಹುಡುಕಹೊರಟವನು; ಶತ್ರುಗಳು ಅವಳ ಬೆನ್ನು ಹತ್ತಿದ್ದಾರೆ. ಅವನೋ ಊರೂರಿನಲ್ಲಿ ಇಸ್ಪೀಟಿನಂಥ ಎಲೆಯಾಟಕ್ಕೆ ದಿನಗಟ್ಟಲೆ ಕುಳಿತರೂ ಮುಖ್ಯಕಥೆಯು ನಿಂತಲ್ಲೇ ಕಾದಿರುತ್ತದೆ. ರಾಮಾಯಣದಲ್ಲಿ ಸುಗ್ರೀವನ ವೃತ್ತಾಂತವೂ ಪತಾಕೆಯೇ. ಮಳೆಗಾಲ ಕಳೆದರೂ ಅವನು ಭೋಗದಲ್ಲಿ ಮೈಮರೆತಿರಲು, ಲಕ್ಷ್ಮಣನು ಕನಲಿ ಕಿಷ್ಕಿಂಧೆಯ ಬಾಗಿಲಿಗೆ ಬರುತ್ತಾನೆ. ಅಲ್ಲಿ ವಿಳಂಬವೇ ಕಥೆಯಾಯಿತು. ಸೀತೆಯ ದುಃಖವು ಮರೆಯಾಗಲಿಲ್ಲ. ಈ ಆಟದ ಕವಿಗಳು (ಹಾಗೆನ್ನುವುದು ತಪ್ಪಾಗದು) ಬಾಣಲೆಗೆ ಪಟ್ಟ ಶ್ರಮದಲ್ಲಿ ಅರ್ಧವನ್ನಾದರೂ ಲಕ್ಷ್ಮಣನೊಬ್ಬನಿಗಾಗಿ ಪಟ್ಟಿದ್ದರೆ, ಗೆರಾಲ್ಟನು ಎಲೆಗಳನ್ನು ಕೆಳಗಿಟ್ಟು ಎದ್ದಾನು.